ತೊಗರಿ ಮಿಲ್ಲಿನಲ್ಲಿ ಹೆಸರಿನ ತೊಂದರೆ

"ಸರ, ಮತ್ತ ಅದೇ ಬಂತ್ ನೋಡ್ರಿ," ಅಂದ ನನ್ನ ಕೈಕೆಳಗೆ ಕೆಲಸ ಕಲಿಯುವ ಹುಡುಗ.

ಅದು ಮೂರನೇ ಸಲ. ಮೇಲ್ ಸರ್ವರ್ ನಡೆಸುವ ಪೋಸ್ಟ್‌ಫಿಕ್ಸ್ ಅನ್ನೋ ಪ್ರೋಗ್ರಾಂ ತೆಗೆದು, ಮತ್ತೆ ಹಾಕಿ, ಪರದೆ ನೋಡುತ್ತ ಕೂತಿದ್ದೆವು. ಪ್ಯಾಕೇಜ್ ಇಳಿಯಿತು, ಬಿಚ್ಚಿಕೊಂಡಿತು. ಕೊನೆಗೆ ಸೆಟ್ ಆಗುವ ಹೊತ್ತಿಗೆ ಅದೇ ಸಾಲು: ಎರರ್ ಎಕ್ಸಿಟ್ ಸ್ಟೇಟಸ್ 75. ಹೊರಗೆ ಕಲಬುರಗಿಯ ಮೇ ತಿಂಗಳ ಬಿಸಿಲು. ಒಳಗೆ ತೊಗರಿ ಹೊಟ್ಟಿನ ಧೂಳು. ಎಸಿ ಇರುವುದು ಸಾವ್ಕಾರರ ಕೋಣೆಗೆ ಮಾತ್ರ.

ಹುಮನಾಬಾದ್ ರಸ್ತೆಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ ಅದು. ಅಲ್ಲಿನ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ ಎಲ್ಲ ನೋಡಿಕೊಳ್ಳುವುದು ನಾನೇ. ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಇಂಥ ಏಳೆಂಟು ಆಫೀಸುಗಳಿಂದ ನನ್ನ ಹೊಟ್ಟೆ ನಡೆಯುತ್ತದೆ. ಮಿಲ್ಲಿನವರೆಲ್ಲ ಅಲ್ಲಿಯವರೆಗೆ ಪುಕ್ಕಟೆ ಮೇಲ್ ಅಕೌಂಟ್ ಬಳಸುತ್ತಿದ್ದರು. ಕೆಲಸ ಬಿಟ್ಟುಹೋದವನ ಜೊತೆ ಪಾರ್ಟಿಗಳ ಮೇಲ್ ಕೂಡ ಹೋಗಿಬಿಡುತ್ತಿತ್ತು. ಅದಕ್ಕೇ ಸಾವ್ಕಾರರಿಗೆ ಮಿಲ್ಲಿನ ಹೆಸರಿನದೇ ಮೇಲ್ ಬೇಕಾಯಿತು. "ಹೊರಗಿನ ಕಂಪನಿಯಿಂದ ತಗೊಂಡ್ರ ತಲಿನೋವು ಕಮ್ಮಿ," ಅಂತ ನಾನು ಹೇಳಿದ್ದು ನಿಜ. ಅವರು ಒಪ್ಪಲಿಲ್ಲ. "ತಿಂಗ್ಳಾ ತಿಂಗ್ಳಾ ಒಬ್ಬೊಬ್ಬರ ಹೆಸರಿಗೆ ರೊಕ್ಕ ಯಾಕ ಕಟ್ಬೇಕ್ರಿ? ಮಷಿನ್ ಅದ, ನೀವ್ ಅದೀರಿ," ಅಂದರು. ನನಗೂ ಒಳಗೊಳಗೇ ಆಸೆ ಇತ್ತು. ಮೇಲ್ ಸರ್ವರ್ ಹಾಕಿ ಗೊತ್ತು ಅಂತ ಹೇಳಿಕೊಳ್ಳೋದು ಯಾರಿಗೆ ಬೇಡ, ಅಲ್ವಾ?

ಮಷಿನ್ ಹಳೆಯದು. ಮೊದಲು ಲೆಕ್ಕದ ಫೈಲ್‌ಗಳನ್ನು ಇಡುತ್ತಿದ್ದ ಲಿನಕ್ಸ್ ಸರ್ವರ್. ಅದನ್ನು ಕೂರಿಸಿದವನೂ ನಾನೇ, ಅದಕ್ಕೆ ಹೆಸರಿಟ್ಟವನೂ ನಾನೇ. ಇಂಗ್ಲಿಷಿನಲ್ಲಿ ಗುಲ್ಬರ್ಗ, ಮುಂದೆ ಒಂದು ಅಂಡರ್‌ಸ್ಕೋರ್, ಆಮೇಲೆ ಸರ್ವರ್. ಫೈಲ್ ಇಡುವಷ್ಟು ದಿನ ಆ ಹೆಸರಿನಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

75 ಅಂತ ನೋಡಿದ ಕೂಡಲೇ ನಾನು ಏನೆಲ್ಲ ಅನುಮಾನ ಪಟ್ಟೆ ಅಂದ್ರೆ, ಹೇಳಿದರೆ ನಗ್ತೀರಿ. ಮೊದಲು ಇಂಟರ್ನೆಟ್ ಸರಿ ಇಲ್ಲ ಅಂದುಕೊಂಡು ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿದೆ. ಆಮೇಲೆ ಫೈರ್‌ವಾಲ್ ಆರಿಸಿದೆ. ಆಮೇಲೆ ರ‍್ಯಾಮ್ ಕಿತ್ತು, ಒರೆಸಿ, ತಿರುಗಿ ಹಾಕಿದೆ. ಇದರಲ್ಲೇ ಒಂದೂವರೆ ದಿನ ಹೋಯಿತು. ಕೊನೆಯ ಸಾಲನ್ನಷ್ಟೇ ಓದುವುದು ನನ್ನ ಹಳೇ ಚಟ. ಅದರ ಮೇಲಿನ ಆರೆಂಟು ಸಾಲು ಓಡಿಹೋದವು ಅಂದರೆ ಹೋದವು.

ಆ ಸಾಲುಗಳನ್ನು ಓದಿದವನು ಹುಡುಗ. ಪರದೆ ಮೇಲಕ್ಕೆ ಸರಿಸಿ, "ಸರ, ಇಲ್ಲಿ 95 ಅಂತ ಏನೋ ಅದ," ಅಂದ.

ನೋಡಿದೆ. ಹೋಸ್ಟ್‌ನೇಮ್‌ನಲ್ಲಿ, ಅಂದರೆ ಮಷಿನ್ ಹೆಸರಿನಲ್ಲಿ, ತಪ್ಪು ಅಕ್ಷರ ಇದೆ, ಅದರ ಸಂಖ್ಯೆ 95 ಅಂತ ಒಂದು ಎಚ್ಚರಿಕೆ. ಅದರ ಕೆಳಗಿನ ಸಾಲಿನಲ್ಲಿ ಪೋಸ್ಟ್‌ಫಿಕ್ಸ್ ಕೈ ಎತ್ತಿಬಿಟ್ಟಿತ್ತು. ತನ್ನದೇ ಹೋಸ್ಟ್‌ನೇಮ್ ಬಳಸಲು ಆಗುತ್ತಿಲ್ಲ ಅಂತ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅಂತ ಹೇಳುವ ಆಸ್ಕಿ ಪಟ್ಟಿ ತೆಗೆದರೆ 95 ಅಂದರೆ ಅಂಡರ್‌ಸ್ಕೋರ್. ಮಷಿನ್ ಹೆಸರಿನಲ್ಲಿ ಅಕ್ಷರ, ಅಂಕಿ, ಹೈಫನ್ ಇರಬಹುದು, ತುಂಡು ತುಂಡಿನ ನಡುವೆ ಚುಕ್ಕಿ ಇರಬಹುದು, ಅಷ್ಟೇ. 1985ರ ಆರ್‌ಎಫ್‌ಸಿ 952 ಅನ್ನೋ ಇಂಟರ್ನೆಟ್ ದಾಖಲೆಯಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಬೇರೆ ಪ್ರೋಗ್ರಾಂಗಳು ನೋಡಿಯೂ ನೋಡದಂತೆ ಬಿಟ್ಟಿದ್ದವು. ಪೋಸ್ಟ್‌ಫಿಕ್ಸ್ ಬಿಡಲಿಲ್ಲ.

"ಮತ್ತ ಡಿಕಿಮ್ ರೆಕಾರ್ಡ್‌ನಾಗ ಅಂಡರ್‌ಸ್ಕೋರ್ ಹಾಕ್ತಾರಲ್ರಿ?" ಅಂತ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಡಿಕಿಮ್ ಅಂದರೆ ಮೇಲ್ ಅಸಲಿ ಅಂತ ತೋರಿಸುವ ಸಹಿ. ಅಲ್ಲಿ ಹಾಕುವುದು ಬೇಕಂತಲೇ. ಅದು ಮಷಿನ್‌ನ ಹೆಸರಲ್ಲ, ಮಾಹಿತಿ ಇಟ್ಟ ಜಾಗದ ಗುರುತು. ಮಷಿನ್ ಹೆಸರಲ್ಲಿ ಅಂಡರ್‌ಸ್ಕೋರ್ ಬರುವಂತಿಲ್ಲವಲ್ಲ, ಹಾಗಾಗಿ ಎರಡೂ ಒಂದಕ್ಕೊಂದು ತಾಗುವುದಿಲ್ಲ.

ಅಷ್ಟರಲ್ಲಿ ಮುನೀಮ ಕಾಕಾ ಬಂದರು. ಮಿಲ್ಲಿನಲ್ಲಿ ಎಲ್ಲರಿಗಿಂತ ಹಳಬರು. "ಏನಾಯ್ತ್ರಿ ಸರ, ಎಲ್ಲಿ ತೊಂದ್ರಿ?" ಅಂದರು.

"ಹೆಸರಿನ ತೊಂದ್ರಿ ರೀ ಕಾಕಾ."

"ಹೆಸರು ನಾವ್ ಮಾಡಂಗೇ ಇಲ್ಲಲ್ರಿ! ಬರೇ ತೊಗರಿ."

ನಮಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಹೆಸರು ಕಾಳಿನ ಚೀಲ ಯಾವುದೋ ಲಾರಿಯಲ್ಲಿ ತಪ್ಪಿ ಬಂದಿದೆ ಅಂತಲೇ ಅವರ ಲೆಕ್ಕ. ವಿಷಯ ಬಿಡಿಸಿ ಹೇಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತರು.

ಹೊಸ ಹೆಸರು ಏನಿಡೋದು? ಸುಮ್ನೆ ಮೇಲ್ ಅಂತಿಡೋಣ ಅಂದ ಹುಡುಗ. ಅವನ ಮಾತು ಕೇಳಬೇಕಿತ್ತು. ನಾಳೆ ಯಾದಗಿರಿಯ ಗೋದಾಮಿಗೂ ಒಂದು ಸರ್ವರ್ ಬರಬಹುದು, ಊರಿನ ಹೆಸರಿದ್ದರೆ ಗುರುತು ಸಿಗುತ್ತದೆ ಅಂತ ನಾನು ಕಲಬುರಗಿ ಅಂತಲೇ ಇಟ್ಟೆ. ಕಲಬುರಗಿ, ಚುಕ್ಕಿ, ಮಿಲ್ಲಿನ ಡೊಮೇನ್. ಇದು ಪೂರ್ತಿ ಹೆಸರು. ಮೇಲ್ ಸರ್ವರ್‌ಗೆ ಗಿಡ್ಡ ಹೆಸರು ಸಾಲದು, ಹೆಸರಿನ ಜೊತೆ ಮನೆತನವೂ ಬೇಕು.

ಹೆಸರು ಬದಲಿಸಿದೆ. ಪೋಸ್ಟ್‌ಫಿಕ್ಸ್ ಜಗಳವಿಲ್ಲದೆ ಕೂತಿತು. ನಾವು ಹೊರಗೆ ಹೋಗಿ ಸುಸಲಾ, ಮಿರ್ಚಿ ತಿಂದು ಬಂದೆವು. ಬಂದು ನೋಡಿದರೆ ಒಂದೊಂದು ಕಮಾಂಡ್ ಕೊಟ್ಟಾಗಲೂ ಮಷಿನ್ ಹತ್ತಾರು ಸೆಕೆಂಡ್ ಸುಮ್ಮನೆ ನಿಲ್ಲುತ್ತಿದೆ. ಮಾಲೀಕನ ಅಧಿಕಾರದಲ್ಲಿ ಕೆಲಸ ಮಾಡಿಸುವ ಸುಡೊ ಕಮಾಂಡ್ ಹೊಡೆದರೆ ಈ ಹೋಸ್ಟ್ ಎಲ್ಲಿದೆಯೋ ಸಿಗುತ್ತಿಲ್ಲ ಅನ್ನುತ್ತಿದೆ. ಅದು ಹುಡುಕುತ್ತಿದ್ದ ಹೋಸ್ಟ್ ಅಂದರೆ ತಾನೇ. ಪೂರ್ತಿ ಹೆಸರು ಕೇಳುವ ಕಮಾಂಡ್ ಒಂದಿದೆ, ಹೋಸ್ಟ್‌ನೇಮ್ ಬರೆದು ಹೈಫನ್ ಎಫ್. ಅದನ್ನು ಕೊಟ್ಟರೆ, ಆ ಹೆಸರು ಗೊತ್ತಿಲ್ಲ ಅಂತ ಉತ್ತರ.

ಇದು ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್‌ನ ಹೋಸ್ಟ್ಸ್ ಫೈಲ್‌ನ ಕಥೆ. ಯಾವ ಹೆಸರಿಗೆ ಯಾವ ಐಪಿ, ಅಂದರೆ ನೆಟ್‌ವರ್ಕ್‌ನ ಅಂಕಿ ವಿಳಾಸ, ಅಂತ ಅದರಲ್ಲಿ ಬರೆದಿರುತ್ತದೆ. ಮಷಿನ್ ತನ್ನ ಹೆಸರು ಬದಲಿಸಿಕೊಂಡಿತ್ತು. ಹೋಸ್ಟ್ಸ್ ಫೈಲ್‌ನಲ್ಲಿ ಮಾತ್ರ 127.0.1.1ರ ಎದುರು ಇನ್ನೂ ಗುಲ್ಬರ್ಗವೇ ಇತ್ತು. ಈ ಪುಟ್ಟ ಫೈಲ್‌ಗೆ ದೊಡ್ಡ ಇತಿಹಾಸ ಇದೆ. ಹೆಸರು ಹೇಳಿದರೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆ ಇನ್ನೂ ಹುಟ್ಟಿರದ ಕಾಲದಲ್ಲಿ, ಇಂಟರ್ನೆಟ್‌ಗೂ ಮೊದಲಿನ ಅರ್ಪಾನೆಟ್ ಜಾಲದ ಎಲ್ಲ ಕಂಪ್ಯೂಟರ್‌ಗಳ ಹೆಸರೂ ಇಂಥ ಒಂದೇ ಫೈಲ್‌ನಲ್ಲಿ ಇರುತ್ತಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯವರು ಅದನ್ನು ತಿದ್ದಿ ತಿದ್ದಿ ಇಡುತ್ತಿದ್ದರು, ಉಳಿದವರು ಇಳಿಸಿಕೊಳ್ಳುತ್ತಿದ್ದರು. ಮಷಿನ್‌ಗಳು ಜಾಸ್ತಿಯಾಗಿ ಅದು ಕೈಮೀರಿದಾಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಆದರೂ ಆ ಫೈಲ್ ಸತ್ತಿಲ್ಲ. ಈಗಲೂ ಮಷಿನ್ ಮೊದಲು ಮನೆಯೊಳಗಿನ ಈ ಪಟ್ಟಿ ನೋಡುತ್ತದೆ, ಆಮೇಲೆ ಹೊರಗೆ ಕೇಳುತ್ತದೆ.

ಫೈಲ್ ತಿದ್ದಿದೆ. ತಿದ್ದುವಾಗಲೂ ಒಂದು ತಪ್ಪು ಮಾಡಿದೆ. ಐಪಿ ಬರೆದು, ಗಿಡ್ಡ ಹೆಸರು ಬರೆದು, ಆಮೇಲೆ ಪೂರ್ತಿ ಹೆಸರು ಬರೆದೆ. ಎರಡೂ ಇವೆಯಲ್ಲ, ಹಿಂದೆ ಮುಂದೆ ಆದರೆ ಏನಾಯಿತು ಅಂತ ನನ್ನ ಭಾವನೆ. ಹಾಗಲ್ಲ. ಐಪಿಯ ಪಕ್ಕ ಮೊದಲು ಬಂದ ಹೆಸರೇ ನಿಜವಾದ ಹೆಸರು, ಉಳಿದವು ಅಡ್ಡ ಹೆಸರು. ಹೈಫನ್ ಎಫ್ ಕಮಾಂಡ್ ಬರೀ ಕಲಬುರಗಿ ಅಂದಿತು. ಸಾಲು ತಿರುಗಿಸಿ 192.168.1.10, ಪೂರ್ತಿ ಹೆಸರು, ಗಿಡ್ಡ ಹೆಸರು ಅಂತ ಬರೆದ ಮೇಲೆ ಪೂರ್ತಿ ಉತ್ತರ ಬಂತು. ಕಮಾಂಡ್‌ಗಳೂ ಚುರುಕಾದವು.

ಇದನ್ನೆಲ್ಲ ನೋಡುತ್ತ ಕೂತಿದ್ದ ಮುನೀಮ ಕಾಕಾ ಒಂದು ಮಾತು ಹೇಳಿದರು. "ಊರಿನ ಹೆಸರು ಬದ್ಲಿ ಆದಾಗ ನಮಗೂ ಹಿಂಗೇ ಆಗಿತ್ರಿ. ಬೋರ್ಡ್ ಬದ್ಲಿ ಮಾಡಿಸಿದ್ವಿ, ಮುಗೀತು ಅಂದ್ವಿ. ಆಮ್ಯಾಲೆ ಬಿಲ್‌ಬುಕ್ ನೆನಪಾಯ್ತು. ಆಮ್ಯಾಲೆ ಸಿಕ್ಕಾ. ಆಮ್ಯಾಲೆ ಚೀಲದ ಮ್ಯಾಲಿನ ಪ್ರಿಂಟ್. ಹಳೇ ಚೀಲ ಮುಗಿಯೋ ತನಕ ಮಾಲು ಗುಲ್ಬರ್ಗದ ಹೆಸರಿನ್ಯಾಗೇ ಹೋತು."

2014ರ ನವೆಂಬರ್ 1ಕ್ಕೆ ಹೆಸರು ಬದಲಾದ 12 ಊರುಗಳಲ್ಲಿ ನಮ್ಮದೂ ಒಂದು. ವಿಶ್ವವಿದ್ಯಾಲಯ ಇವತ್ತಿಗೂ ಗುಲ್ಬರ್ಗ ವಿಶ್ವವಿದ್ಯಾಲಯವೇ. 2019ರಲ್ಲಿ ನಮ್ಮ ಬೇಳೆಗೆ ಜಿಐ ಟ್ಯಾಗ್ ಸಿಕ್ಕಾಗಲೂ ಅದು ಗುಲ್ಬರ್ಗ ತೂರ್ ದಾಲ್ ಅಂತಲೇ ದಾಖಲಾಯಿತು. ಆಟೋದವರಿಗೆ ಯಾವ ಹೆಸರು ಹೇಳಿದರೂ ನಡೆಯುತ್ತದೆ. ಕಂಪ್ಯೂಟರ್‌ಗೆ ನಡೆಯಲ್ಲ.

ಕಾಕಾ ಹೇಳಿದ ಮೇಲೆ ನಾನು ಒಂದು ಹಾಳೆ ತೆಗೆದುಕೊಂಡೆ. ಹಳೇ ಹೆಸರು ಎಲ್ಲೆಲ್ಲಿ ಉಳಿದಿದೆ ಅಂತ ಇಟಿಸಿ ಫೋಲ್ಡರ್ ಪೂರ್ತಿ ಹುಡುಕಿಸಿದೆ. ಅಲ್ಲಿ ಮೇಲ್‌ನೇಮ್ ಅನ್ನೋ ಒಂದು ಸಾಲಿನ ಫೈಲ್ ಇರುತ್ತದೆ. ಅಟ್ ಚಿಹ್ನೆ, ಡೊಮೇನ್ ಎರಡೂ ಇಲ್ಲದ ವಿಳಾಸಕ್ಕೆ ಯಾವ ಡೊಮೇನ್ ಅಂಟಿಸಬೇಕು ಅಂತ ಪೋಸ್ಟ್‌ಫಿಕ್ಸ್ ಅಲ್ಲಿಂದಲೇ ಓದುತ್ತದೆ. ಅದರಲ್ಲೂ ಹಳೇ ಹೆಸರೇ. ಅದನ್ನೂ ಬದಲಿಸಿದೆ.

ಮರುದಿನ ಹೊರಗಿನಿಂದ ಮಿಲ್ಲಿಗೆ ಮೊದಲ ಮೇಲ್ ಕಳಿಸಿ ನೋಡಿದೆ. ವಾಪಸ್ ಬಂತು. ಈ ಡೊಮೇನ್‌ನ ಮೇಲ್ ನನ್ನದಲ್ಲ, ಬೇರೆಯವರಿಗೆ ದಾಟಿಸುವುದೂ ಇಲ್ಲ ಅಂತ ನಮ್ಮ ಸರ್ವರ್‌ನದೇ ದೂರು. ಇದು ಮಜಾ ಇದೆ. ಡಿಎನ್‌ಎಸ್‌ನ ಎಂಎಕ್ಸ್ ರೆಕಾರ್ಡ್ ಹೇಳುತ್ತದೆ, ಈ ಡೊಮೇನ್‌ನ ಟಪಾಲು ಕಲಬುರಗಿ ಮಷಿನ್‌ಗೆ ಕೊಡಿ ಅಂತ. ಟಪಾಲು ಬರುತ್ತದೆ. ಯಾವ ಡೊಮೇನ್ ತನ್ನದು ಅಂತ ಹೇಳುವ ಮೈಡೆಸ್ಟಿನೇಶನ್ ಪಟ್ಟಿಯಲ್ಲಿ ಆ ಡೊಮೇನ್ ಇಲ್ಲ. ಹಾಗಾಗಿ ಅದು ನನ್ನದಲ್ಲ ಅಂದುಕೊಂಡು ಮಷಿನ್ ಬಾಗಿಲಲ್ಲೇ ವಾಪಸ್ ಕಳಿಸುತ್ತದೆ. ಪಟ್ಟಿಗೆ ಮಿಲ್ಲಿನ ಡೊಮೇನ್ ಸೇರಿಸಿದೆ, ರೀಲೋಡ್ ಕೊಟ್ಟೆ, ಮೇಲ್ ಬಂತು. ಸಾವ್ಕಾರರಿಗೆ ತೋರಿಸಿದೆ. "ಶಾಬಾಸ್," ಅಂದರು. ಬಿಲ್ ಕೊಡಬೇಕು ಅಂತಿದ್ದೆ, ಕೊಡಲಿಲ್ಲ. ಕೊಡದೇ ಇದ್ದದ್ದು ಒಳ್ಳೆಯದಾಯಿತು.

ಯಾಕಂದರೆ ಅವತ್ತೇ ಸಂಜೆ ಕರೆಂಟ್ ಹೋಯಿತು. ಯುಪಿಎಸ್ ಇಪ್ಪತ್ತು ನಿಮಿಷ ತಡೆದು ಸುಮ್ಮನಾಯಿತು. ಕರೆಂಟ್ ಬಂದ ಮೇಲೆ ಮಷಿನ್ ತಾನಾಗೇ ಎದ್ದಿತು. ಮೇಲ್ ಮಾತ್ರ ಒಳಗೂ ಬರುತ್ತಿಲ್ಲ, ಹೊರಗೂ ಹೋಗುತ್ತಿಲ್ಲ. ನಾನು ಮನೆಯಲ್ಲಿ ರೊಟ್ಟಿ ಮುಂದಿಟ್ಟುಕೊಂಡು ಕೂತವನು ಗಾಡಿ ತೆಗೆದುಕೊಂಡು ಕಪನೂರಿಗೆ ಹೋದೆ.

ಒಳಗೆ ಬರದಿದ್ದಕ್ಕೆ ಕಾರಣ ಬೇಗ ಸಿಕ್ಕಿತು. ರೂಟರ್ ಈ ಸಲ ಮಷಿನ್‌ಗೆ 192.168.1.23 ಕೊಟ್ಟಿತ್ತು. ಹೋಸ್ಟ್ಸ್ ಫೈಲ್‌ನಲ್ಲೂ, ಹೊರಗಿನಿಂದ ಬಂದದ್ದನ್ನು ಒಳಗಿನ ಮಷಿನ್‌ಗೆ ದಾಟಿಸುವ ರೂಟರ್‌ನ ಪೋರ್ಟ್ ಫಾರ್ವರ್ಡ್‌ನಲ್ಲೂ ಇದ್ದದ್ದು 10. ಐಪಿ ಕಾಯಂ ಮಾಡದೆ ಹೆಸರು ಕಾಯಂ ಮಾಡಿದ್ದೆ. ನನ್ನದೇ ಸೋಮಾರಿತನ. ಮಷಿನ್‌ಗೆ ಸ್ಟ್ಯಾಟಿಕ್ ಐಪಿ ಹಾಕಿ ಆ ತಲೆನೋವು ಕಳೆದೆ.

ಹೊರಗೆ ಹೋಗದಿದ್ದದ್ದು ಮಾತ್ರ ನನ್ನ ತಲೆ ತಿಂದಿತು. ಲಾಗ್‌ನಲ್ಲಿ ಜಿಮೇಲ್‌ನ ಎಂಎಕ್ಸ್ ಸಿಗುತ್ತಿಲ್ಲ ಅಂತ ಇದೆ. ನಾನು ಅದೇ ಮಷಿನ್‌ನಲ್ಲಿ ಡಿಎನ್‌ಎಸ್ ಕೇಳುವ ಡಿಗ್ ಕಮಾಂಡ್ ಕೊಟ್ಟರೆ ಥಟ್ಟನೆ ಸಿಗುತ್ತದೆ. ಪಿಂಗ್ ಹೋಗುತ್ತದೆ. ಪೋಸ್ಟ್‌ಫಿಕ್ಸ್‌ಗೆ ಮಾತ್ರ ಪ್ರಪಂಚವೇ ಕಾಣುತ್ತಿಲ್ಲ. ರಾತ್ರಿ ಹತ್ತೂವರೆ. ವಾಚ್‌ಮನ್ ಎರಡು ಸಲ ಚಹಾ ತಂದುಕೊಟ್ಟ.

ಕಾರಣ ಏನಪ್ಪಾ ಅಂದರೆ, ಡೆಬಿಯನ್, ಉಬುಂಟು ಅನ್ನೋ ಲಿನಕ್ಸ್‌ಗಳ ಹಳೇ ಆವೃತ್ತಿಗಳಲ್ಲಿ ಪೋಸ್ಟ್‌ಫಿಕ್ಸ್‌ನ ಮೇಲ್ ಕಳಿಸುವ ಭಾಗ ಒಂದು ಬೀಗ ಹಾಕಿದ ಕೋಣೆಯೊಳಗೆ ಕೆಲಸ ಮಾಡುತ್ತದೆ. ಕ್ರೂಟ್ ಅನ್ನುತ್ತಾರೆ. ಯಾರಾದರೂ ಅದರೊಳಗೆ ನುಗ್ಗಿದರೂ ಮಷಿನ್‌ನ ಉಳಿದ ಫೈಲ್‌ಗಳು ಅವರಿಗೆ ಕಾಣಬಾರದು ಅಂತ ಈ ಏರ್ಪಾಟು. ಒಳಗಿರುವವನಿಗೆ ಹೊರಗಿನ ಹೋಸ್ಟ್ಸ್ ಫೈಲ್ ಆಗಲಿ, ಯಾವ ಡಿಎನ್‌ಎಸ್ ಸರ್ವರ್ ಕೇಳಬೇಕು ಅಂತ ಬರೆದಿರುವ ರಿಸಾಲ್ವ್ ಕಾನ್ಫ್ ಆಗಲಿ ಕಾಣುವುದಿಲ್ಲ. ಪೋಸ್ಟ್‌ಫಿಕ್ಸ್ ಶುರುವಾಗುವ ಹೊತ್ತಿಗೆ ಅವುಗಳ ನಕಲು ತೆಗೆದು ಒಳಗೆ ಇಡುತ್ತಾರೆ. ಅವತ್ತು ಕರೆಂಟ್ ಬಂದಾಗ ನೆಟ್‌ವರ್ಕ್ ಪೂರ್ತಿ ಏಳುವ ಮೊದಲೇ ಪೋಸ್ಟ್‌ಫಿಕ್ಸ್ ಎದ್ದುಬಿಟ್ಟಿತ್ತು. ಒಳಗಿನ ನಕಲಿನಲ್ಲಿ ಡಿಎನ್‌ಎಸ್ ಸರ್ವರ್‌ನ ಸಾಲೇ ಇಲ್ಲ. ಹೊರಗಿನ ಅಸಲಿ ಫೈಲ್ ಆಮೇಲೆ ಸರಿಯಾಗಿದೆ, ನಕಲು ಹಳತೇ ಉಳಿದಿದೆ. ಎರಡನ್ನೂ ಅಕ್ಕಪಕ್ಕ ತೆರೆದು ನೋಡಿದಾಗ ಹಣೆ ಚಚ್ಚಿಕೊಂಡೆ. ಪೋಸ್ಟ್‌ಫಿಕ್ಸ್ ಅನ್ನು ಒಂದು ಸಲ ರೀಸ್ಟಾರ್ಟ್ ಮಾಡಿದ್ದಷ್ಟೇ, ಕ್ಯೂನಲ್ಲಿ ಕೂತಿದ್ದ ಹದಿನಾಲ್ಕು ಮೇಲ್ ಸಾಲಾಗಿ ಹೊರಟವು. ಪೋಸ್ಟ್‌ಫಿಕ್ಸ್ ಇಂಥ ಮೇಲ್ ಎಸೆಯುವುದಿಲ್ಲ. ಬೇರೆ ಸೆಟ್ಟಿಂಗ್ ಮಾಡದಿದ್ದರೆ 5 ದಿನ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. ಆಮೇಲೆ ನೆಟ್‌ವರ್ಕ್ ಎದ್ದ ಮೇಲಷ್ಟೇ ಅದು ಶುರುವಾಗುವ ಹಾಗೆ ಮಾಡಿದೆ.

ಹೊರಟವೇನೋ ಹೊರಟವು. ಎಲ್ಲವೂ ಮುಟ್ಟಲಿಲ್ಲ.

ಹೈದರಾಬಾದಿನ ಒಬ್ಬ ದಲಾಲರಿಗೆ ಕಳಿಸಿದ ರೇಟು ಪಟ್ಟಿ ವಾಪಸ್ ಬಂತು. ನಿಮ್ಮ ರಿವರ್ಸ್ ಹೋಸ್ಟ್‌ನೇಮ್ ಸಿಗುತ್ತಿಲ್ಲ ಅಂತ ಆ ಕಡೆಯ ಸರ್ವರ್ ಬಾಗಿಲು ಹಾಕಿತ್ತು. ಇಲ್ಲಿಯವರೆಗಿನದೆಲ್ಲ ನನ್ನ ಕೈಯಲ್ಲಿದ್ದ ಕೆಲಸ. ಇದು ಅಲ್ಲ. ಹೆಸರು ಹೇಳಿದರೆ ಐಪಿ ಯಾವುದು ಅನ್ನುವ ರೆಕಾರ್ಡ್ ಡೊಮೇನ್ ಇದ್ದವನ ಕೈಯಲ್ಲಿರುತ್ತದೆ. ಐಪಿ ಹೇಳಿದರೆ ಹೆಸರು ಯಾವುದು ಅನ್ನುವ ಪಿಟಿಆರ್ ರೆಕಾರ್ಡ್ ಐಪಿ ಯಾರದೋ ಅವರ ಕೈಯಲ್ಲಿರುತ್ತದೆ. ಅಂದರೆ ಇಂಟರ್ನೆಟ್ ಕೊಡುವ ಕಂಪನಿ. ಎರಡೂ ಒಂದಕ್ಕೊಂದು ಹೊಂದಬೇಕು. 2024ರ ಫೆಬ್ರವರಿಯಿಂದ ಗೂಗಲ್ ಕೂಡ ತನ್ನ ಜಿಮೇಲ್‌ಗೆ ಕಳಿಸುವವರೆಲ್ಲ ಇದನ್ನು ಸರಿ ಇಟ್ಟಿರಬೇಕು ಅಂತ ನಿಯಮ ಮಾಡಿದೆ.

ಕಂಪನಿಗೆ ಫೋನ್ ಹಚ್ಚಿದೆ. ಮೊದಲು ಎತ್ತಿದವರಿಗೆ ಪಿಟಿಆರ್ ಅಂದರೆ ಏನಂತ ಗೊತ್ತಿರಲಿಲ್ಲ, ಮೋಡೆಮ್ ಆರಿಸಿ ಹಚ್ಚಿ ನೋಡಿ ಅಂದರು. ಎರಡನೆಯವರೂ ಅದನ್ನೇ ಹೇಳಿದರು. ಮೂರನೆಯವರು ಬೆಂಗಳೂರಿನವರು, ಬಲ್ಲವರು.

"ಯಾವ ಹೆಸರಿಗೆ ಮಾಡಬೇಕು ಸರ್?"

"ಕಲಬುರಗಿ, ಚುಕ್ಕಿ..."

"ಗುಲ್ಬರ್ಗಾ ಅಲ್ವಾ ಸರ್ ಅದು?"

"ಊರು ಕೇಳ್ಬ್ಯಾಡ್ರಿ, ಅದು ಮಷಿನ್ ಹೆಸರು."

ಮೇಲ್‌ನಲ್ಲಿ ಬರೆದು ಕಳಿಸಿ ಅಂದರು. ನಮ್ಮ ಮೇಲೇ ಹೋಗುತ್ತಿಲ್ಲವಲ್ಲ! ನನ್ನ ಹಳೇ ಪುಕ್ಕಟೆ ಅಕೌಂಟ್‌ನಿಂದ ಕಳಿಸಿದೆ. ನಾಲ್ಕು ದಿನದ ಮೇಲೆ ಕೆಲಸ ಆಗಿದೆ ಅಂತ ಮೆಸೇಜ್ ಬಂತು. ಹೈದರಾಬಾದಿಗೆ ಮತ್ತೆ ಕಳಿಸಿದೆ. ಮತ್ತೆ ವಾಪಸ್. ಈ ಸಲ ಬಾಗಿಲು ಹಾಕಿದ ಕಾರಣ ಬೇರೆ. ಐಪಿ ಹೇಳುವ ಹೆಸರು ಹುಡುಕಿಕೊಂಡು ಹೋದರೆ ಆ ಹೆಸರೇ ಇಲ್ಲ ಅಂತೆ.

ಇಷ್ಟು ದಿನದಲ್ಲಿ ನಾನೂ ಸ್ವಲ್ಪ ಕಲಿತಿದ್ದೆ. ರ‍್ಯಾಮ್ ಕೀಳಲಿಲ್ಲ. ಡಿಗ್, ಹೈಫನ್ ಎಕ್ಸ್, ನಮ್ಮ ಐಪಿ ಹೊಡೆದು ಬಂದ ಉತ್ತರವನ್ನು ಹುಡುಗನಿಗೆ ತೋರಿಸಿ, ಒಂದೊಂದೇ ಅಕ್ಷರ ಓದು ಅಂದೆ. ಕೆ, ಎ, ಎಲ್, ಬಿ. ಅಲ್ಲೇ ನಿಂತ. ಎಲ್ ಆದ ಮೇಲಿನ ಎ ಇಲ್ಲ. ಮುಂದೆ ಆರ್ ಆದ ಮೇಲಿನ ಎ ಕೂಡ ಇಲ್ಲ. ಕಲಬುರಗಿಯನ್ನು ಕಲ್ಬುರ್ಗಿ ಮಾಡಿ ಇಟ್ಟಿದ್ದರು. ಬಾಯಲ್ಲಿ ನಾವೆಲ್ಲ ಅನ್ನುವುದೂ ಹಾಗೇ ಅಲ್ವಾ? ಬರೆದು ಕೊಟ್ಟದ್ದನ್ನು ನೋಡದೆ, ಕಿವಿಗೆ ಬಿದ್ದಂತೆ ಟೈಪ್ ಮಾಡಿದ್ದಾರೆ ಅಂತ ನನ್ನ ಅಂದಾಜು.

"ನಾ ಮೊದ್ಲೇ ಮೇಲ್ ಅಂತ ಇಡ್ರಿ ಅಂದಿದ್ದೆ," ಅಂದ ಹುಡುಗ. ನಾನು ಮಾತಾಡಲಿಲ್ಲ.

ಅದನ್ನು ತಿದ್ದಿಸುವುದಕ್ಕೆ ಇನ್ನೂ ಮೂರು ದಿನ ಹಿಡಿಯಿತು. ಆ ನಡುವೆ ಸಾವ್ಕಾರರು ಇನ್ನೊಂದು ದೂರು ತಂದರು. ಅವರ ಫೋನಿನಲ್ಲಿ ಮಿಲ್ಲಿನ ವೈಫೈ ಇದ್ದರೆ ಮೇಲ್ ತೆರೆಯುವುದಿಲ್ಲ, ಗೇಟಿನಾಚೆ ಚಹಾ ಅಂಗಡಿಗೆ ಹೋದರೆ ತೆರೆಯುತ್ತದೆ. ಇದೂ ಹೆಸರಿನದೇ ಕಾಟ. ಒಳಗಿನಿಂದ ಕೇಳಿದರೂ ಡಿಎನ್‌ಎಸ್ ಹೊರಗಿನ ಐಪಿಯನ್ನೇ ಕೊಡುತ್ತದೆ. ಹೊರಗೆ ಹೋದ ದಾರಿಯಲ್ಲೇ ತಿರುಗಿ ಒಳಗೆ ಬರುವುದು ನಮ್ಮ ರೂಟರ್‌ಗೆ ಬರುವುದಿಲ್ಲ. ಮಿಲ್ಲಿನೊಳಗಿನವರಿಗೆ ಅದೇ ಹೆಸರಿಗೆ 192.168.1.10 ಅಂತ ಉತ್ತರ ಸಿಗುವಂತೆ ರೂಟರ್‌ನಲ್ಲೇ ಒಂದು ಸಾಲು ಹಾಕಿದೆ. ಸಾವ್ಕಾರರು ಕೋಣೆಯಲ್ಲೇ ಕೂತು ಮೇಲ್ ನೋಡಿದರು. ಅಷ್ಟು ಹೊತ್ತಿಗೆ ಚಹಾ ಅಂಗಡಿಯ ರೂಢಿ ಆಗಿತ್ತು, ಅದು ಬೇರೆ ಮಾತು.

ಪಿಟಿಆರ್ ಸರಿಯಾದ ದಿನ ಹೈದರಾಬಾದಿಗೆ ರೇಟು ಪಟ್ಟಿ ಮುಟ್ಟಿತು. ದಲಾಲರು ಫೋನ್ ಮಾಡಿ ರೇಟು ಜಾಸ್ತಿ ಆಯಿತು ಅಂತ ಜಗಳ ತೆಗೆದರು. ನಾನು ಬಿಲ್ ಕೊಟ್ಟೆ. ಸಾವ್ಕಾರರು ಅದರಲ್ಲಿ ಐನೂರು ಕಡಿಮೆ ಮಾಡಿಸಿದರು.

ಹಾಳೆಯಲ್ಲಿ ಬರೆದುಕೊಂಡಿದ್ದ ಜಾಗಗಳಲ್ಲಿ ಒಂದು ಇನ್ನೂ ಬಾಕಿ ಇದೆ. ಲೆಕ್ಕದ ಕೋಣೆಯ ಸ್ಕ್ಯಾನರ್. ಕಳಿಸುವವರ ಹೆಸರು ಅಂತ ಅದರೊಳಗೆ ಹಳೆಯದನ್ನೇ ತುಂಬಿಟ್ಟಿದ್ದೆ. ಅದರ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಮುನೀಮ ಕಾಕಾ ಬಿಲ್ ಸ್ಕ್ಯಾನ್ ಮಾಡಿದಾಗಲೆಲ್ಲ ಅಂಡರ್‌ಸ್ಕೋರ್ ಸಮೇತ ಗುಲ್ಬರ್ಗ ಸರ್ವರ್‌ನಿಂದ ಮೇಲ್ ಬಂದು ಬೀಳುತ್ತದೆ. ರೀಸೆಟ್ ಮಾಡಿ ಕೊಡ್ತೀನಿ ಅಂದೆ.

"ಇರ್ಲಿ ಬಿಡ್ರಿ," ಅಂದರು ಕಾಕಾ. "ಹಳೇ ಚೀಲ ಖಾಲಿ ಆಗ್ಲಿ."